ಆಮೇಲೆ ರಾಣಿ ಏನಾದ್ರು?

ಇವತ್ತು ರಾಜಕೀಯ ಬೇಡ, ಒಂದು ಸಿನಿಮಾ ಬಗ್ಗೆ ಮಾತಾಡೋಣ. ಹೊಸದಲ್ಲ, 1961ರ ‘ಕಿತ್ತೂರು ಚೆನ್ನಮ್ಮ’. ಮೊನ್ನೆ ಭಾನುವಾರ ಮಗಳ ಜೊತೆ ಕೂತು ಮತ್ತೊಮ್ಮೆ ನೋಡಿದೆ. ಶಾಲೆಯ ಛದ್ಮವೇಷ ಸ್ಪರ್ಧೆಗೆ ಅವಳೇ ಚೆನ್ನಮ್ಮ. ರಟ್ಟಿನ ಕತ್ತಿ ರೆಡಿ, ಡೈಲಾಗ್ ಬಾಯಿಪಾಠ. ಹೇಳೋದು ಹೇಗೆ ಅಂತ ಸರೋಜಾದೇವಿಯವರನ್ನೇ ನೋಡಿ ಕಲಿಯಲಿ ಅಂತ ಹಾಕಿದೆ.

ನೋಡಿ, ಇದು ಕಪ್ಪು-ಬಿಳುಪು ಚಿತ್ರ. ಕಂಪ್ಯೂಟರ್‌ನಲ್ಲಿ ಸಾವಿರಾರು ಸೈನಿಕರನ್ನು ಸೃಷ್ಟಿಸುವ ಕಾಲ ಅಲ್ಲ ಅದು. ಆದರೂ ಕಣ್ಣು ಕೀಳೋಕಾಗಲ್ಲ. ಯಾಕೆ? ಯುದ್ಧ ಶುರುವಾಗೋದು ರಣರಂಗದಲ್ಲಲ್ಲ, ‘ಕೊಡಲ್ಲ’ ಅನ್ನೋ ಮಾತಿನಲ್ಲಿ. ಅದು ನಿರ್ದೇಶಕ ಬಿ.ಆರ್. ಪಂತುಲು ಅವರಿಗೆ ಚೆನ್ನಾಗಿ ಗೊತ್ತಿತ್ತು. 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’ ಮಾಡಿದವರೂ ಅವರೇ. ಅಲ್ಲಿ ಶಿವಾಜಿ ಗಣೇಶನ್ ಗುಡುಗಿದರು. ಇಲ್ಲಿ 23ರ ಹರೆಯದ ಸರೋಜಾದೇವಿ. ಮಲ್ಲಸರ್ಜನಾಗಿ ರಾಜ್‌ಕುಮಾರ್ ಇದ್ದಾರೆ, ಆದರೆ ಸಿನಿಮಾ ಮಾತ್ರ ರಾಣಿಯದ್ದೇ.

ಡೈಲಾಗ್ ಮುಗೀತು, ಥ್ಯಾಕರೆ ಬಿದ್ದ. ಮಗಳು ಚಪ್ಪಾಳೆ ಹೊಡೆದು, “ನನ್ನ ಪಾರ್ಟ್ ಇಷ್ಟೇ” ಅಂತ ಎದ್ದು ಹೋದಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: “ಅಪ್ಪಾ, ಆಮೇಲೆ ರಾಣಿ ಏನಾದ್ರು?”

ಹೇಳಿದೆ. ದೊರೆ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ದತ್ತುಮಗನನ್ನು ಕಂಪನಿ ಒಪ್ಪಲಿಲ್ಲ. ದತ್ತು ಒಪ್ಪಲ್ಲ ಅಂದಾಕ್ಷಣ ನಮಗೆ ನೆನಪಾಗೋದು ಡಾಲ್‌ಹೌಸಿ. ಅವನು ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ. ಕಿತ್ತೂರಿಗೆ ಆ ಪೆಟ್ಟು ಬಿದ್ದದ್ದು ಅದಕ್ಕೂ 24 ವರ್ಷ ಮೊದಲು. ಅಕ್ಟೋಬರ್ 23ರಂದು ಕಿತ್ತೂರು ಗೆದ್ದಿತು. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ಮತ್ತೆ ಬಂತು, ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಸೆರೆಯಲ್ಲೇ ತೀರಿಕೊಂಡರು. ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

“ಹಾಗಾದ್ರೆ ಸೋತ್ರಾ?” ಅಂದಳು. ಮುಖ ಸಣ್ಣದಾಗಿತ್ತು. “ಸೋತ್ರು ಮಗಳೇ. ಸೋಲಬಹುದು ಅಂತ ಗೊತ್ತಿದ್ದೂ ಕೊಡಲ್ಲ ಅಂದ್ರಲ್ಲ, ಅದಕ್ಕೇ ನೀನು ಇವತ್ತು ಆ ಕತ್ತಿ ಹಿಡ್ಕೊಂಡಿರೋದು” ಅಂದೆ.

ವೀಕ್ಷಕರೇ, ತಪ್ಪು ನಮ್ಮದೂ ಇದೆ. ಅಕ್ಟೋಬರ್ ಬಂತು ಅಂದ್ರೆ ಕಿತ್ತೂರು ಉತ್ಸವಕ್ಕೆ ನಮ್ಮ ಕ್ಯಾಮೆರಾ ಓಡುತ್ತೆ. ಬೈಲಹೊಂಗಲದ ಸಮಾಧಿ ಮುಂದೆ ನಿಂತು ಒಂದು ಅರ್ಧ ಗಂಟೆ ಕಾರ್ಯಕ್ರಮ ನಾನು ಇದುವರೆಗೆ ಮಾಡಿಲ್ಲ. ಗೆದ್ದ ದಿನಕ್ಕೆ ಲೈವ್ ಇದೆ, ಸೆರೆಯಲ್ಲಿ ಕಳೆದ ವರ್ಷಗಳಿಗೆ ಇಲ್ಲ. ಇದು ನ್ಯಾಯನಾ?

ಸಿನಿಮಾ ಬಾಗಿಲು ತೆರೆಯುತ್ತೆ, ಒಳಗೆ ಹೋಗಬೇಕಾದವರು ನಾವು. ಪಂತುಲು ತಂಡ ತನ್ನ ಕೆಲಸವನ್ನು 1961ರಲ್ಲೇ ಮಾಡಿ ಮುಗಿಸಿದೆ. ಮಕ್ಕಳಿಗೆ ಈ ಚಿತ್ರ ತೋರಿಸಿ. ‘ಆಮೇಲೆ?’ ಅಂತ ಕೇಳಿದರೆ, ದಯವಿಟ್ಟು ಪೂರ್ತಿ ಉತ್ತರ ಕೊಡಿ.