ಗೆಲ್ಲಿಸಿದವರೇ ಲೆಕ್ಕ ಕೇಳಬೇಕು
(ಗಿರಣಿ ಕಾರ್ಮಿಕರೂ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಅಂಗಡಿ ಇಟ್ಟವರು ಗಲ್ಲಾ ಎಣಿಸದೆ ಬಾಗಿಲು ಹಾಕುವುದಿಲ್ಲ. ಗಿರಣಿಯಲ್ಲಿ ದುಡಿಯುವವರು ಸಂಬಳದ ಚೀಟಿಯನ್ನು ಎರಡು ಸಲ ನೋಡದೆ ಜೇಬಿಗಿಳಿಸುವುದಿಲ್ಲ. ಹತ್ತು ರೂಪಾಯಿ ಕಡಿಮೆ ಬಂದರೂ ಗುಮಾಸ್ತನನ್ನು ಕೇಳುತ್ತೇವೆ. ಆದರೆ ಐದು ವರ್ಷಗಳ ಮಟ್ಟಿಗೆ ಖಜಾನೆಯ ಬೀಗದ ಕೈಯನ್ನೇ ಒಬ್ಬರಿಗೆ ಒಪ್ಪಿಸಿ, ಆಮೇಲೆ ಅವರನ್ನು ಒಂದು ಮಾತೂ ಕೇಳುವುದಿಲ್ಲ. ಇದೇಕೆ ಹೀಗೆ?

"ದೊಡ್ಡವರ ವ್ಯವಹಾರ ನಮಗೇನು ತಿಳಿದೀತು?" ಎನ್ನುವವರು ಇಲ್ಲಿಯೂ ಇದ್ದೀರಿ. ನಿಮಗೊಂದು ಹಳೆಯ ಸಂಗತಿ ಹೇಳುತ್ತೇನೆ.

1956ರಲ್ಲಿ ಖಾಸಗಿ ವಿಮಾ ಕಂಪನಿಗಳನ್ನು ರಾಷ್ಟ್ರೀಕರಿಸಿ ಜೀವ ವಿಮಾ ನಿಗಮವನ್ನು ಕಟ್ಟಿದರು. ಅದರ ಬೊಕ್ಕಸದಲ್ಲಿದ್ದುದು ನಿಮ್ಮಂಥವರು ಹೊಟ್ಟೆ ಕಟ್ಟಿ ತುಂಬಿದ ಕಂತಿನ ಹಣ. ಮರುವರ್ಷವೇ, 1957ರ ಜೂನ್ ತಿಂಗಳಲ್ಲಿ, ಆ ಹಣದಿಂದ ಸುಮಾರು 1 ಕೋಟಿ 24 ಲಕ್ಷ ರೂಪಾಯಿ ತೆಗೆದು ಹರಿದಾಸ್ ಮುಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರು ಕೊಂಡರು. ಆತ ಸಾಲದ ಸುಳಿಯಲ್ಲಿದ್ದವನು. ಹಣ ತೊಡಗಿಸುವ ಮೊದಲು ನಿಗಮದ ಹೂಡಿಕೆ ಸಮಿತಿಯನ್ನೂ ಕೇಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಇದನ್ನು ಲೋಕಸಭೆಯಲ್ಲಿ ಬಯಲಿಗೆಳೆದವರು ಫಿರೋಜ್ ಗಾಂಧಿ. ಅವರು ಕುಳಿತಿದ್ದುದು ಆಳುವ ಪಕ್ಷದ ಬೆಂಚಿನಲ್ಲಿ. ಪ್ರಧಾನಿ ನೆಹರೂ ಅವರ ಅಳಿಯ ಬೇರೆ. ಆದರೂ ಬಾಯಿ ಕಟ್ಟಿಕೊಂಡು ಕೂರಲಿಲ್ಲ. 1958ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರ ವಿಚಾರಣಾ ಆಯೋಗ ಕುಳಿತಿತು. ಛಾಗ್ಲಾ ಬಾಗಿಲು ಮುಚ್ಚಿ ವಿಚಾರಣೆ ನಡೆಸಲಿಲ್ಲ. ಜನ ಕಿಕ್ಕಿರಿದಾಗ ಹೊರಗೆ ಧ್ವನಿವರ್ಧಕ ಹಾಕಿಸಿದರು. ಮಂತ್ರಿಗೂ ಕಾರ್ಯದರ್ಶಿಗೂ ಪ್ರಶ್ನೆ ಹಾಕಿದ್ದನ್ನು ಬೀದಿಯಲ್ಲಿ ನಿಂತವನೂ ಕೇಳಿದ. ಒಂದು ತಿಂಗಳೊಳಗೆ ವರದಿ ಬಂತು. ತಪ್ಪು ಅಧಿಕಾರಿಯದು, ತನ್ನದಲ್ಲವೆಂದು ಮಂತ್ರಿ ಜಾರಿಕೊಳ್ಳುವಂತಿಲ್ಲ ಎಂದು ಛಾಗ್ಲಾ ಸ್ಪಷ್ಟವಾಗಿ ಹೇಳಿದರು. ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟರು.

ಕತೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 1962ರಲ್ಲಿ ಅದೇ ಕೃಷ್ಣಮಾಚಾರಿ ಮತ್ತೆ ಸಂಪುಟ ಸೇರಿದರು. ಮರುವರ್ಷ ಅರ್ಥ ಖಾತೆಯೂ ಅವರಿಗೇ ಬಂತು. ರಾಜೀನಾಮೆ ಎಂದರೆ ಶಿಕ್ಷೆಯಲ್ಲ, ಕೆಲವೊಮ್ಮೆ ರಜೆ ಅಷ್ಟೇ! ಜನ ಮರೆತರೆ ರಜೆ ಬೇಗ ಮುಗಿಯುತ್ತದೆ.

ಇನ್ನು ನಮ್ಮ ಕರ್ನಾಟಕಕ್ಕೆ ಬನ್ನಿ. 1984ರಲ್ಲಿ ಲೋಕಾಯುಕ್ತ ಕಾಯಿದೆ ಆಯಿತು. 2011ರ ಜುಲೈಯಲ್ಲಿ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ಮೇಲೆ ವರದಿ ಕೊಟ್ಟರು. ಆ ತಿಂಗಳ ಕೊನೆಗೆ ಮುಖ್ಯಮಂತ್ರಿ ಕುರ್ಚಿ ಬಿಡಬೇಕಾಯಿತು. ಕಾವಲು ನಾಯಿಗೆ ಹಲ್ಲಿದೆಯೆಂದು ಆಗ ಗೊತ್ತಾಯಿತು. 2016ರಲ್ಲಿ ಇನ್ನೊಂದು ಪಕ್ಷದ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವೆಂಬುದನ್ನು ರಚಿಸಿ ಆ ಹಲ್ಲನ್ನೇ ಕಿತ್ತಿತು. ಆಮೇಲೆ ಬಂದ ಬೇರೆ ಪಕ್ಷಗಳ ಸರ್ಕಾರಗಳೂ ಆ ದಳವನ್ನು ಹಾಗೆಯೇ ಇಟ್ಟುಕೊಂಡವು. ಕೊನೆಗೆ ಅದನ್ನು ರದ್ದು ಮಾಡಿದ್ದು ಹೈಕೋರ್ಟು, 2022ರ ಆಗಸ್ಟಿನಲ್ಲಿ. ಬಾವುಟದ ಬಣ್ಣ ನೋಡಿ ಮೋಸ ಹೋಗಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಹಾಗಾದರೆ ನಾವು ಮಾಡಬೇಕಾದ್ದೇನು?

ಮೊದಲನೆಯದು, ಮತ ಮಾರಬಾರದು. ಐನೂರು ರೂಪಾಯಿ ಸಿಕ್ಕಿತೆಂದಿಟ್ಟುಕೊಳ್ಳಿ. ಐದು ವರ್ಷಕ್ಕೆ 1,826 ದಿನ. ಭಾಗಿಸಿದರೆ ದಿನಕ್ಕೆ 27 ಪೈಸೆ. ಅಷ್ಟಕ್ಕೆ ಒಂದು ಬೆಂಕಿಪೆಟ್ಟಿಗೆಯೂ ಬಾರದು. ಅಷ್ಟಕ್ಕೆ ನಿಮ್ಮ ನಾಲಗೆಯನ್ನು ಒತ್ತೆ ಇಟ್ಟಂತಾಯಿತು. ಕೊಂಡವನನ್ನು ಮುಂದೆ ಯಾವ ಮುಖದಿಂದ ಪ್ರಶ್ನಿಸುತ್ತೀರಿ?

ಎರಡನೆಯದು, ಉಮೇದುವಾರರು ತಮ್ಮ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದ ಬಂದ ಹಕ್ಕು ಇದು. ಹಿಂದಿನ ಚುನಾವಣೆಯ ಪತ್ರವನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಟ್ಟು ಕಳೆಯುವ ಲೆಕ್ಕ ಮಾಡಿ. ನಾಲ್ಕನೆಯ ಇಯತ್ತೆಯ ಹುಡುಗನೂ ಮಾಡಬಲ್ಲ. ಉಳಿದ ಮೊತ್ತ ಎಲ್ಲಿಂದ ಬಂತೆಂದು ಸಭೆಯಲ್ಲಿ ಎದ್ದು ನಿಂತು ಕೇಳಿ.

ಮೂರನೆಯದು, 2005ರ ಮಾಹಿತಿ ಹಕ್ಕು ಕಾಯಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಡವರು ಅರ್ಜಿಯೊಡನೆ ದಾಖಲೆ ಲಗತ್ತಿಸಿದರೆ ಆ ಶುಲ್ಕವೂ ಇಲ್ಲ. ನಿಮ್ಮ ಓಣಿಯ ಚರಂಡಿಗೆ ಎಷ್ಟು ಹಣ ಮಂಜೂರಾಯಿತು, ಯಾರಿಗೆ ಗುತ್ತಿಗೆ ಕೊಟ್ಟರು, ಬಿಲ್ಲು ಎಂದು ಪಾವತಿಯಾಯಿತು ಎಂದು ಕೇಳಿ. ಒಬ್ಬೊಬ್ಬರೇ ಕೇಳಿದರೆ ಹೆದರಿಸುತ್ತಾರೆ. ಹತ್ತು ಜನ ಹತ್ತು ಅರ್ಜಿ ಹಾಕಿದರೆ ಯಾರನ್ನು ಹೆದರಿಸಿಯಾರು?

ಕೊನೆಯದಾಗಿ ಒಂದು ಮಾತು. ಈ ನಿಯಮ ನಮಗೂ ಅನ್ವಯ. ನಮ್ಮ ಸಂಘದ ಚಂದಾ ಪುಸ್ತಕ, ನಮ್ಮ ಪಕ್ಷದ ಖರ್ಚಿನ ಪುಸ್ತಕ ಯಾವ ಸದಸ್ಯ ಕೇಳಿದರೂ ತೆರೆದಿರಬೇಕು. ನಾವು ಆರಿಸಿ ಕಳಿಸಿದವರು ಮೂರು ತಿಂಗಳಿಗೊಮ್ಮೆ ವಾರ್ಡಿಗೆ ಬಂದು ವರದಿ ಒಪ್ಪಿಸಬೇಕು. ಬಾರದಿದ್ದರೆ ಮುಂದಿನ ಸಲ ಟಿಕೇಟಿಲ್ಲ. ತನ್ನವರನ್ನು ಕೇಳದವನಿಗೆ ಪರರನ್ನು ಕೇಳುವ ಅಧಿಕಾರವಿಲ್ಲ.

ಪ್ರಜಾಪ್ರಭುತ್ವವೆಂಬುದು ಐದು ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲ. ಅದು ದಿನನಿತ್ಯದ ಕಾವಲು. ಆ ಪಾಳಿಗೆ ಇಂದಿನಿಂದಲೇ ಹೆಸರು ಬರೆಸಿ.