ನುಗ್ಗೆಯ ಎಲೆ, ಹಲಸಿನ ಎಲೆ

ಬೆಂಗಳೂರಿನ ಕುಂದಲಹಳ್ಳಿ ಗೇಟಿನ ವಾಹನಗಳ ಗದ್ದಲ ದಾಟಿ ಹಳೆಯ ಊರೊಳಗೆ ಹೊಕ್ಕರೆ, ಮನೆಗಳ ಹಿತ್ತಲಲ್ಲಿ ನುಗ್ಗೆ, ಹಲಸು ಇನ್ನೂ ಕಣ್ಣಿಗೆ ಬೀಳುತ್ತವೆ.

ನುಗ್ಗೆಯ ಎಲೆ ತೆಳು. ಬೇಗ ಚಿಗುರುತ್ತದೆ, ಬರ ಬಂದರೆ ಉದುರುತ್ತದೆ. ಕಾಂಡ ಮೆದು, ಜೋರು ಗಾಳಿಗೆ ಮುರಿಯುತ್ತದೆ. ಆದರೆ ಕಡಿದಲ್ಲೇ ಮತ್ತೆ ಚಿಗುರೊಡೆಯುತ್ತದೆ. ಗೆಡ್ಡೆಯಂಥ ಬೇರಿನಲ್ಲಿ ನೀರು ಕೂಡಿಟ್ಟುಕೊಂಡಿರುತ್ತದಲ್ಲ! ಹಲಸಿನ ಎಲೆಯೋ ದಪ್ಪ, ತೊಗಲಿನಂತೆ. ಮರ ವರ್ಷವಿಡೀ ಹಸಿರು. ವೀಣೆಗೆ ಬೇಕಾದಷ್ಟು ಗಟ್ಟಿ ಕಟ್ಟಿಗೆಯೂ ಅದರದೇ.

ಈ ಗುಣಗಳು ಬಿಡಿಬಿಡಿಯಾಗಿ ಬಂದವಲ್ಲ. ದಪ್ಪ ಎಲೆ ಕಟ್ಟಲು ಗಿಡಕ್ಕೆ ಹೆಚ್ಚು ಖರ್ಚು. ಆ ಅಸಲು ಹುಟ್ಟಬೇಕಾದರೆ ಎಲೆ ಬಹುಕಾಲ ಬಾಳಬೇಕು. ತೆಳು ಎಲೆ ಅಗ್ಗ, ಚುರುಕಾಗಿ ಆಹಾರ ತಯಾರಿಸಿ ಬೇಗ ಮುಗಿಯುತ್ತದೆ. 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಜಗತ್ತಿನ 175 ತಾಣಗಳ 2,548 ಪ್ರಭೇದಗಳಲ್ಲಿ ಇದೇ ಲೆಕ್ಕಾಚಾರ ಕಂಡಿತು. ಮರುಭೂಮಿಯಾಗಲಿ, ಮಳೆಕಾಡಾಗಲಿ, ಜಮಾ-ಖರ್ಚು ಒಂದೇ.

ನಮ್ಮ ಅಪಾರ್ಟ್‌ಮೆಂಟುಗಳವರು ಮಾತ್ರ ನರ್ಸರಿಯಲ್ಲಿ ಕೇಳುವುದು ಬೇಗ ಬೆಳೆಯುವ, ಗಾಳಿಗೆ ಮುರಿಯದ, ಕಾರಿನ ಮೇಲೆ ಒಂದೆಲೆಯನ್ನೂ ಉದುರಿಸದ ಮರವನ್ನು. ಅಂಥದ್ದನ್ನು ಯಾವ ನರ್ಸರಿಯವರು ಎಲ್ಲಿಂದ ತಂದುಕೊಟ್ಟಾರು?