ತಪ್ಪಾಯಿತು, ತಪ್ಪು ಮಾಡಿದೆ



ಉಮರ್ಗಾ ತಾಲೂಕಿನ ದಾಳಿಂಬ ನನ್ನೂರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಮ್ಮ ಹೊಲಕ್ಕೆ ಹತ್ತಿ ಒಬ್ಬ ಕಾಕಾನ ಹೊಲ. "ಕಾಕಾ ನಮ್ಮ ಬದು ಒತ್ಯಾನ" ಎಂದು ನಾನು ಎಷ್ಟೋ ವರ್ಷ ಊರೆಲ್ಲ ಹೇಳಿಕೊಂಡು ತಿರುಗಿದೆ. ಕೊನೆಗೆ ಮೋಜಣಿ, ಅಂದರೆ ಹೊಲದ ಅಳತೆ, ಮಾಡಿಸಿದೆವು. ಗಡಿಯ ಗುರುತು ಬಿದ್ದದ್ದು ನಮ್ಮ ತೊಗರಿ ಸಾಲಿನೊಳಗೆ. ಪ್ರತಿ ವರ್ಷ ನೇಗಿಲು ತಿರುಗಿಸುವಾಗ ಒಂದೊಂದು ಬೆರಳಿನಷ್ಟು ಒತ್ತಿದ್ದು ನಾವೇ. ನೇಗಿಲು ಹಿಡಿದ ಕೈ ನನ್ನದು.

ಮೋಜಣಿಯಾದ ಮೇಲಿನ ಭಾನುವಾರ ಚರ್ಚಿನ ಆರಾಧನೆಯಲ್ಲಿ ಪಾಪದ ಅರಿಕೆ ಹೇಳುವಾಗ ನನಗೆ ಗಂಟಲು ಕಟ್ಟಿತು. ಬಾಯಿಪಾಠವಾದ ಪ್ರಾರ್ಥನೆ. ಅದರಲ್ಲಿ ಬರುವ 'ನಾವು' ಎಂಬ ಮಾತಿನ ಮರೆಯಲ್ಲಿ ಇಷ್ಟು ವರ್ಷ ನಾನು ಅಡಗಿ ನಿಂತಿದ್ದೆ.

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆ ನಿಮಗೆ ಗೊತ್ತಿರಬಹುದು. ದೇವಾಲಯದಲ್ಲಿ ಪ್ರಾರ್ಥನೆಗೆ ನಿಂತ ಫರಿಸಾಯ ಮತ್ತು ಸುಂಕದವನು. ಫರಿಸಾಯ ಸುಳ್ಳು ಹೇಳಲಿಲ್ಲ, ಇದನ್ನು ಮರೆಯಬಾರದು. ಧರ್ಮಶಾಸ್ತ್ರ ವಿಧಿಸಿದ್ದು ವರ್ಷಕ್ಕೊಂದು ಉಪವಾಸ. ಆತ ವಾರಕ್ಕೆ 2 ಸಲ ಮಾಡುತ್ತಿದ್ದ. ಗಳಿಕೆಯಲ್ಲಿ ಹತ್ತರಲ್ಲೊಂದು ಪಾಲು ದೇವರಿಗೆ ಎತ್ತಿಡುತ್ತಿದ್ದ. ಊರಿಗೆ ಬೇಕಾದ ಮನುಷ್ಯನೇ. ಆದರೆ ಅವನ ಪ್ರಾರ್ಥನೆಯೊಳಗೆ ಆಚೆ ನಿಂತವನ ಲೆಕ್ಕ ನುಗ್ಗಿತು. ಸುಂಕದವನ ಪ್ರಾರ್ಥನೆಯಲ್ಲಿ ದೇವರು ಮತ್ತು ತಾನು, ಇಬ್ಬರೇ. ಗ್ರೀಕ್ ಮೂಲದಲ್ಲಿ ಅವನು ತನ್ನನ್ನು 'ಒಬ್ಬ ಪಾಪಿ' ಎಂದುಕೊಳ್ಳುವುದಿಲ್ಲ. ಬೆರಳು ಮಾಡಿ ತೋರಿಸಿದ ಹಾಗೆ 'ಆ ಪಾಪಿ' ಎನ್ನುತ್ತಾನೆ.

ಹೀಗೆ ತನ್ನತ್ತಲೇ ಬೆರಳು ಮಾಡಿದವರೆಂದರೆ ನನಗೆ ಪಂಡಿತಾ ರಮಾಬಾಯಿ ನೆನಪಾಗುತ್ತಾರೆ. ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಸಂಸ್ಕೃತ ಪಾಂಡಿತ್ಯಕ್ಕೆ ಕಲ್ಕತ್ತೆಯ ಪಂಡಿತರಿಂದ 'ಸರಸ್ವತಿ' ಎನಿಸಿಕೊಂಡವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಇಷ್ಟೆಲ್ಲ ಆದ ಮೇಲೆ, ದೀಕ್ಷಾಸ್ನಾನವಾಗಿ 8 ವರ್ಷಕ್ಕೆ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ಅವರಿಗೆ ತಿಳಿಯಿತು. ತನ್ನ ಪಾಪದ ಭಾರ ಆಗ ಕಂಡಿತು. ಕೇಡಗಾಂವದ ಮುಕ್ತಿ ಸದನದಲ್ಲಿ ಬರಗಾಲದಿಂದ ಪಾರಾಗಿ ಬಂದ ನೂರಾರು ಹೆಣ್ಣುಮಕ್ಕಳಿಗೆ ಆಸರೆಯಾಗಿದ್ದ ಆ ತಾಯಿ, ಇದನ್ನು ಮುಚ್ಚಿಡದೆ 1907ರಲ್ಲಿ ಬರೆದು ಲೋಕದ ಮುಂದಿಟ್ಟರು. ಅಷ್ಟು ಎತ್ತರದಲ್ಲಿ ನಿಂತು ಹಾಗೆ ಬರೆಯಲು ಎಂಥ ಧೈರ್ಯ ಬೇಕು!

ನಾನು ಕಾಕಾನ ಮನೆಗೆ ಹೋಗಲು ನಾಲ್ಕು ದಿನ ಹಿಡಿಯಿತು. ಅಂಗಳದಲ್ಲಿ ನಿಂತು "ಕಾಕಾ, ತಪ್ಪಾಗ್ಯದ" ಎಂದೆ. ಮಳೆಯಾಯಿತು, ಬೆಳಗಾಯಿತು ಎಂದ ಹಾಗೆ ನಮ್ಮ ಮಾತಿನಲ್ಲಿ ತಪ್ಪು ಕೂಡ ತಾನಾಗಿಯೇ ಆಗಿಬಿಡುತ್ತದೆ. ಮಾಡಿದವನು ಎಲ್ಲೂ ಇರುವುದಿಲ್ಲ. ಕಾಕಾ ಕಟ್ಟೆಯ ಮೇಲೆ ಕುಳಿತು ಸುಮ್ಮನೆ ನನ್ನ ಮುಖ ನೋಡಿದರು.

ಮತ್ತೊಮ್ಮೆ ಹೇಳಿದೆ. "ಕಾಕಾ, ನಾ ತಪ್ಪು ಮಾಡೀನಿ. ಬದು ಒತ್ತಿದಾಂವ ನಾನೇ. ನಿಮ್ಮ ಹೆಸರು ಕೆಡಿಸಿದಾಂವನೂ ನಾನೇ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾಳೆ ಮುಂಜಾನಿ ಹೊಲಕ್ಕ ಬಾ, ಇಬ್ಬರೂ ಕೂಡಿ ಕಲ್ಲು ನಡೂಣು" ಎಂದರು.